ಹೊಗಿ ಹೊರಗ ಹೋಗ್ಲಿ, ಒಗ್ಗರಣಿ ಒಳಗ ಇರ್ಲಿ

ಅಮೇರಿಕಾದಾಗ ಮನಿ ತೊಗೊಳ್ಳೋ ಮುಂದ ನಮ್ಮ ಮಂದಿ ಏನೇನು ನೋಡ್ತಾರ ಹೇಳ್ರಿ? ಸಾಲಿ ಛೊಲೊ ಅದನೋ ಇಲ್ಲೋ, ಬಾಗಲಾ ಪೂರ್ವಕ್ಕ ಅದನೋ ಇಲ್ಲೋ, ಆಫೀಸಿಗೆ ಎಷ್ಟು ಮೈಲು, ಗ್ಯಾರೇಜಿನಾಗ ಎರಡು ಕಾರು ಹಿಡೀತಾವೋ ಇಲ್ಲೋ. ಅಡಿಗಿ ಮನ್ಯಾಗ ಹೋಗಿ ಕಟ್ಟೀ ಮ್ಯಾಲೆ ಕೈ ಆಡಿಸಿ "ಗ್ರಾನೈಟ್ ಛಂದ ಅದ" ಅಂತಾರ. ಒಲಿ ಮ್ಯಾಲೆ ಬಿಗಿದಿದ್ದ ಮೈಕ್ರೋವೇವ್ ನೋಡಿ "ಕಟ್ಟೀ ಮ್ಯಾಲೆ ಜಾಗಾ ಉಳೀತು" ಅಂತಾರ. ಆ ಮೈಕ್ರೋವೇವಿನ ಹೊಟ್ಟ್ಯಾಗಿನ ಫ್ಯಾನು ಹೊಗಿ ಎಳಕೊಂಡು ಎಲ್ಲೆ ಒಗೀತದ ಅಂತ ಒಬ್ಬರೂ ಕೇಳಂಗಿಲ್ಲ. ದಿನಾ ಎರಡು ಹೊತ್ತು ಆ ಒಲಿ ಮುಂದ ನಿಂದರೂ ಹೆಣ್ಣಮಗಳೂ ಕೇಳಂಗಿಲ್ಲ. ಯಾಕಂದ್ರ ಆಕಿಗೆ ಕೇಳಬೇಕು ಅಂತ ಯಾರೂ ಹೇಳೇ ಇಲ್ಲ.

ಇವತ್ತು ನಾ ಅದರ ಮ್ಯಾಲೆ ಜಗಳಾ ತಗೀಲಿಕ್ಕೆ ಕೂತೇನಿ. ನನ್ನ ಮಾತು ಇಷ್ಟಽ: ಒಲಿ ಮ್ಯಾಲಿನ ಫ್ಯಾನು ಹೊಗಿ ತೊಗೊಂಡು ಮನಿ ಹೊರಗ ಹಾಕಬೇಕು. ಎಳಕೊಂಡ ಹೊಗಿ ತಿರುಗಿ ಮನ್ಯಾಗಽ ಬಿಟ್ರ, ಅದು ಕಸಾ ಗೂಡಿಸಿ ಮಂಚದ ಕೆಳಗ ದೂಡಿಧಂಗ.

ಊರಾಗಿದ್ದ ಮೌಶಿ, ಕಾಕುಗೋಳಿಗೆ ಮೊದಲ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಕಡೆ ಮೈಕ್ರೋವೇವ್ ಅಂದ್ರ ಕಟ್ಟೀ ಮ್ಯಾಲೆ ಒಂದು ಮೂಲ್ಯಾಗ ಕೂಡೂ ಡಬ್ಬಿ. ಇಲ್ಲೆ ಭಾಳ ಮನ್ಯಾಗ ಅದನ್ನ ಒಲಿ ಮ್ಯಾಲೆ ಗ್ವಾಡಿಗೆ ಬಿಗಿದಿರ್ತಾರ. 30 ಇಂಚು ಅಗಲ, ಕೆಳಗಿನ ಒಲೀನೂ ಅಷ್ಟಽ ಅಗಲ. ಅನ್ನಾ ಬಿಸಿ ಮಾಡೂದು ಅದರ ಒಂದು ಕೆಲಸಾ, ಕೆಳಗಿನ ಒಲಿ ಹೊಗಿ ಎಳಕೊಳ್ಳೂದು ಎರಡನೇ ಕೆಲಸಾ. ಹೊರಗ ಹಾಕೂದು ಅಂದ್ರ ಮೈಕ್ರೋವೇವಿನ ಕಿರಣ ಹೊರಗ ಹಾಕೂದು ಅಂತ ಕೆಲವರು ತಿಳಕೊಂಡಾರ. ಹಂಗಲ್ಲ. ಕಿರಣ ಆ ಡಬ್ಬಿ ಒಳಗಽ ಇರ್ತಾವ, ಬಾಗಲಾ ತಗದ ಕೂಡ್ಲೆ ನಿಂತ ಹೋಗ್ತಾವ. ನಾ ಹೇಳೂದು ಒಲಿ ಹೊಗಿ ಸುದ್ದಿ.

ಈ ಡಬ್ಬಿ ಕೆಳಗ ಎರಡು ಅಲ್ಯುಮಿನಿಯಂ ಜಾಳಗಿ ಇರ್ತಾವ, ಜಿಡ್ಡು ಹಿಡೀಲಿಕ್ಕೆ. ಮ್ಯಾಲೆ ಹಿಂದಿನ ಬಾಜೂ ಫ್ಯಾನು. ಆ ಫ್ಯಾನಿನ ಬಾಯಿ ಮೂರು ಕಡೆ ತಿರುಗಸಬಹುದು. ಮ್ಯಾಲೆ ಮಾಡಿದ್ರ ಕಪಾಟಿನಾಗಿಂದ ಕೊಳವಿ ಹಾದು ಮಾಳಗಿ ಮ್ಯಾಲೆ ಹೋಗ್ತದ. ಹಿಂದ ಮಾಡಿದ್ರ ಗ್ವಾಡಿ ತೂತಿನಿಂದ ಹಿತ್ತಲಕ್ಕ ಹೋಗ್ತದ. ಮುಂದ ಮಾಡಿದ್ರ ಒಂದು ಇದ್ದಲಿ ಪದರಿನಾಗ ಹಾದು ಡಬ್ಬಿ ಮ್ಯಾಲಿನ ಸೀಳಿನಿಂದ ಅಡಿಗಿ ಮನಿಗೇ ವಾಪಸ್ ಬರ್ತದ. ಡಬ್ಬಿಯ ಮ್ಯಾಲಿನ ಅಂಚು ಸಾಮಾನ್ಯವಾಗಿ ನೆಲದಿಂದ 66 ಇಂಚು, ಅಂದ್ರ ಐದೂವರಿ ಫೂಟಿನ ಮ್ಯಾಲೆ ಇರ್ತದ. ನಮ್ಮಂಥಾ ಐದು ಫೂಟಿನ ಹೆಣ್ಣಮಕ್ಕಳ ನೆತ್ತಿಗೆ ನೆಟ್ಟಗ. ಒಗ್ಗರಣಿ ಹೊಗಿ ಕೆಳಗಿಂದ ಹೋಗಿ, ಒಂದು ಸುತ್ತು ಹಾಕಿ, ತಲಿ ಮ್ಯಾಲೆ ಅಕ್ಷತಾ ಬಿದ್ಧಂಗ ಬೀಳ್ತದ.

ಈಗ ಸಿಟ್ಟು ಬರೂ ಮಾತು ಹೇಳ್ತೇನಿ. ಇಂಥಾ ಮೈಕ್ರೋವೇವ್ ಹೆಚ್ಚಿನವು ಕಾರಖಾನಿಯಿಂದ ಬರೂ ಮುಂದಽ ಒಳಗ ತಿರುಗಿಸೂ ಹಂಗ ಜೋಡಿಸಿ ಬರ್ತಾವ. ಹೊರಗ ಹಾಕಬೇಕಂದ್ರ ಜೋಡಸೂ ಮನಶಾ ಸ್ಕ್ರೂ ಬಿಚ್ಚಿ, ಫ್ಯಾನು ಹೊರಗ ತಗದು, ತಿರುಗಿಸಿ ಕೂಡಸಬೇಕು. ಸ್ವಲ್ಪ ಹೊತ್ತಿನ ಕೆಲಸಾ. ಅವಸರದಾಗ ಇದ್ದವ ಮಾಡಂಗಿಲ್ಲ. ಹಿಂಗಾಗಿ ಎಷ್ಟೋ ಮನ್ಯಾಗ ಗ್ವಾಡ್ಯಾಗ ಕೊಳವಿ ಅದ, ಮಾಳಗಿ ಮ್ಯಾಲೆ ಅದಕ್ಕ ಟೊಪಗಿನೂ ಅದ, ಆದ್ರ ಫ್ಯಾನಿನ ಬಾಯಿ ಅಡಿಗಿ ಮನಿ ಕಡೆ. ಹಳೇ ಹುಡ್ ತಗದು ಹೊಸಾ ಮೈಕ್ರೋವೇವ್ ಹಾಕಿಸಿದ ಮನ್ಯಾಗ ಅಂತೂ ಇದನ್ನ ನೋಡಲೇಬೇಕು. ಕೊಳವಿ ಸುಮ್ಮನ ಬಾಯಿ ತಕ್ಕೊಂಡು ಕೂತಿರ್ತದ, ಒಳಗಿದ್ದಾಕಿ ಕೆಮ್ಮತಿರ್ತಾಳ.

ಭಾಳ ಮಂದಿ ಜಾಳಗಿ ಕೆಳಗ ಒಂದು ಟಿಶ್ಯೂ ಹಿಡಿದು, ಅದು ಅಂಟಿಕೊಂಡ್ರ "ನೋಡು, ಫ್ಯಾನು ಎಳೀತದ" ಅಂತ ಖುಷಿ ಆಗ್ತಾರ. ಟಿಶ್ಯೂ ಎರಡೂ ಥರದ ಫ್ಯಾನಿಗೂ ಅಂಟತದ. ಎಳೀತದ ಅನ್ನೂದಷ್ಟಽ ಗೊತ್ತಾತು, ಎಲ್ಲೆ ಬಿಡ್ತದ ಅನ್ನೂದು ಗೊತ್ತಾಗಲಿಲ್ಲ. ಖರೆ ಪರೀಕ್ಷಾ ಅಂದ್ರ, ಫ್ಯಾನು ಜೋರ ಇಟ್ಟು ಡಬ್ಬಿ ಮ್ಯಾಲಿನ ಮುಂದಿನ ಸೀಳಿಗೆ ಕೈ ಹಿಡೀರಿ. ಅಲ್ಲೆ ಗಾಳಿ ಭರ್ ಅಂತ ಬಂತಂದ್ರ ಒಳಗಽ ತಿರಗಲಿಕ್ಹತ್ತೇದ. ಆಮ್ಯಾಲೆ ಮೈಕ್ರೋವೇವ್ ಮ್ಯಾಲಿನ ಕಪಾಟು ತಗದು ನೋಡ್ರಿ, ತಗಡಿನ ಕೊಳವಿ ಅದನೋ ಬರೇ ವೈರು ಅದನೋ. ಹೊರಗ ಹೋಗಿ ಗ್ವಾಡಿ ನೋಡ್ರಿ, ಫ್ಯಾನು ಹಚ್ಚಿದಾಗ ಮುಚ್ಚಳಿಕಿ ಏಳ್ತದನೋ ಅಂತ. ಐದು ನಿಮಿಷದ ಕೆಲಸಾ, ಇಂಜಿನಿಯರ್ ಆಗಬೇಕಾಗಿಲ್ಲ.

"ಇದ್ದಲಿ ಫಿಲ್ಟರ್ ಅದ ಅಲ್ಲ, ಅದು ಎಲ್ಲಾ ಹಿಡೀತದ" ಅಂತ ನಿಮ್ಮ ಮನಿಯವರು ಹೇಳ್ತಾರ. ಮಾರಾಟದವನೂ ಅದನ್ನಽ ಹೇಳ್ತಾನ. ಇದ್ದಲಿ ಹಿಡಿಯೂದು ಸ್ವಲ್ಪ ವಾಸನಿ, ಅದೂ ಹೊಸದಿದ್ದಾಗ. ಆರು ತಿಂಗಳಿಗೊಮ್ಮೆ ಬದಲಿ ಮಾಡ್ರಿ ಅಂತ ಕಂಪನಿಯವರು ಪುಸ್ತಕದಾಗ ಬರೀತಾರ, ತೊಳದು ಮತ್ತ ಹಾಕೂದು ನಡಿಯಂಗಿಲ್ಲ. ದಿನಾ ಸಾಸಿವಿ ಸಿಡಿಸೂ ಮನ್ಯಾಗ ಅದು ಆರು ತಿಂಗಳು ತಡೀತದ ಅಂತ ನನಗ ಅನಸಂಗಿಲ್ಲ. ನಿಮ್ಮ ಮನಿಯ ಇದ್ದಲಿ ಫಿಲ್ಟರ್ ಯಾವಾಗ ಬದಲಿ ಆತು ಅಂತ ಒಮ್ಮೆ ಕೇಳ್ರಿ, ಉತ್ತರ ಬರೂ ತನಕಾ ಚಹಾ ಆರತದ. ಇನ್ನ ನೀರಿನ ಉಗಿ, ಕಾರ್ಬನ್ ಮಾನಾಕ್ಸೈಡ್ ಇದಕ್ಕ ಸಿಗೂವಽ ಅಲ್ಲ.

ನೀರಿನ ಉಗಿ ಅಂದ ಕೂಡ್ಲೆ ಅನ್ನದ ಕುಕ್ಕರ್ ನೆನಪಾಗ್ತದ. ಆದ್ರ ಗ್ಯಾಸ್ ಉರದ್ರೂ ನೀರು ಹುಟ್ಟತದ. ಒಂದು ಕಿಲೋ ಮೀಥೇನ್ ಪೂರಾ ಉರದ್ರ ಎರಡೂ ಕಾಲು ಕಿಲೋ ನೀರಿನ ಉಗಿ ಬರ್ತದ. ಚಳಿಗಾಲದಾಗ ಕಿಡಕಿ ಗಾಜಿನ ಮ್ಯಾಲೆ ನೀರಿಳೀತದ, ಮೂಲ್ಯಾಗ ಕರೇ ಬೂಸು ಬರ್ತದ ಅಂತೀರೆಲ್ಲಾ, ಅದರಾಗ ಈ ಉಗೀದೂ ಪಾಲು ಅದ. ಅದರ ಜೊತಿಗೆ ಗ್ಯಾಸಿನ ಉರಿ ನೈಟ್ರೋಜನ್ ಡೈಆಕ್ಸೈಡ್ ಅನ್ನೂ ಹವಾನೂ ಮಾಡ್ತದ. ಕಣ್ಣಿಗೆ ಕಾಣಂಗಿಲ್ಲ, ಅಡಿಗಿ ಮನ್ಯಾಗ ಮೂಗಿಗೂ ಗೊತ್ತಾಗಂಗಿಲ್ಲ, ಆದ್ರ ಶ್ವಾಸನಾಳ ಕೆರಳಸ್ತದ, ದಮ್ಮು ಇದ್ದ ಹುಡುಗರಿಗೆ ಇನ್ನಷ್ಟು ತ್ರಾಸು. ಇದಕ್ಕ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿದ್ದ ವರ್ಷದ ಸರಾಸರಿ ಮಿತಿ ಮೊದಲ ಒಂದು ಘನ ಮೀಟರಿಗೆ 40 ಮೈಕ್ರೋಗ್ರಾಂ ಇತ್ತು. 2021ರಾಗ ಅದನ್ನ 10ಕ್ಕ ಇಳಿಸಿದ್ರು. ಸುಮ್ಮನ ಇಳಸಂಗಿಲ್ಲ ಅವರು.

"ನಮ್ಮದು ಕರೆಂಟಿನ ಒಲಿ, ಗ್ಯಾಸಲ್ಲ" ಅಂತ ಆರಾಮ ಕೂಡಬ್ಯಾಡ್ರಿ. ಕರೆಂಟಿನ ಒಲ್ಯಾಗ, ಇಂಡಕ್ಷನ್‌ನಾಗ ಆ ಹವಾ ಇಲ್ಲ, ಖರೆ. ಆದ್ರ ಎಣ್ಣಿ ಕಾಯೋದು ಎಣ್ಣಿನಽ. ಒಣಾ ಮೆಣಸಿನಕಾಯಿ ಎಣ್ಣ್ಯಾಗ ಬಿದ್ದ ಕೂಡ್ಲೆ ಮ್ಯಾಲಿನ ಖೋಲ್ಯಾಗ ಮಲಗಿದ್ದ ಕೂಸು ಕೆಮ್ಮತದಲ್ಲಾ, ಅದು ಯಾವ ಒಲಿ ಅಂತ ಕೇಳಿ ಕೆಮ್ಮಂಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದವರು, ಭಾಳ ಕಾವಿನಾಗ ಕರಿಯೂ ಮುಂದ ಏಳೂ ಹೊಗಿ ಮನಶಾರಿಗೆ ಕ್ಯಾನ್ಸರ್ ತರೂ ಸಂಭವ ಅದ ಅಂತ ತಮ್ಮ ಪಟ್ಟಿಯ 2ಎ ಗುಂಪಿನಾಗ ಹಾಕ್ಯಾರ. ಅದಕ್ಕ ಆಧಾರ ಆಗಿದ್ದು ಹೆಚ್ಚಾಗಿ ಚೀನಾದ ಹೆಣ್ಣಮಕ್ಕಳ ಮ್ಯಾಲೆ ಮಾಡಿದ ಅಧ್ಯಯನ. ಸಿಗರೇಟು ಮುಟ್ಟದವರು, ಬರೇ ಒಲಿ ಮುಂದ ನಿಂತವರು. ಇದನ್ನ ಕೇಳಿ ನಾಳೆಯಿಂದ ಭಜಿ ಬಿಡ್ರಿ ಅಂತ ನಾ ಹೇಳಂಗಿಲ್ಲ. ಭಜಿ ಮಾಡ್ರಿ, ಹೊಗಿ ಹೊರಗ ಹಾಕ್ರಿ.

ಇನ್ನೊಂದು ವಿಚಾರ ಮಾಡ್ರಿ. ಇಲ್ಲಿನ ಮನ್ಯಾಗ ಬಟ್ಟಿ ಒಣಗಸೂ ಮಷೀನಿಗೆ ಹೊರಗ ಕೊಳವಿ ಅದ. ಬಚ್ಚಲದ ಫ್ಯಾನಿಗೆ ಹೊರಗ ಕೊಳವಿ ಅದ. ಗ್ಯಾಸಿನ ಮ್ಯಾಲೆ ನೀರು ಕಾಯೂ ಟಾಕಿಗೂ ಮನಿ ಬೆಚ್ಚಗ ಮಾಡೂ ಫರ್ನೇಸಿಗೂ ಹೊರಗ ಕೊಳವಿ ಇಲ್ಲದಿದ್ರ ಇನ್ಸ್‌ಪೆಕ್ಟರ್ ಸಹಿ ಹಾಕಂಗಿಲ್ಲ. ಉಟ್ಟ ಬಟ್ಟಿಯ ಉಗಿ ಹೊರಗ ಹೋಗಬೇಕು, ಸ್ನಾನದ ಉಗಿ ಹೊರಗ ಹೋಗಬೇಕು, ಆದ್ರ ಒಬ್ಬ ಮನಶಾಳು ಮಾರಿ ಒಡ್ಡಿಕೊಂಡು ನಿಂದರೂ ಬೆಂಕಿ ಹೊಗಿ ಮಾತ್ರ ಒಳಗ ತಿರುಗಿದ್ರ ನಡೀತದ! ಇಲ್ಲಿನ ಭಾಳ ರಾಜ್ಯದವರು ಆಧಾರಾ ಇಟ್ಟುಕೊಂಡ ವಸತಿ ಕಟ್ಟಡದ ನಿಯಮದಾಗ ಒಲಿ ಹುಡ್ ಹೊರಗ ಬಿಡಬೇಕು ಅಂತಽ ಬರದಾರ. ಅದರ ಬೆನ್ನಿಗೇ ಒಂದು ವಿನಾಯಿತಿ: ಬ್ಯಾರೆ ಕಿಡಕಿಯೋ ಗಾಳಿಯ ವ್ಯವಸ್ಥಾನೋ ಇದ್ರ ಕೊಳವಿ ಇಲ್ಲದ ಹುಡ್ ನಡೀತದ ಅಂತ. ಆ ಸಂದಿನಾಗಽ ಕಟ್ಟೂವರು ನುಸುಳ್ತಾರ. ಕೊಳವಿದು ರೊಕ್ಕಾ ಅವರಿಗೆ ಉಳೀತು, ಪುಪ್ಪುಸ ನಮ್ಮದು.

"ನಮ್ಮವ್ವ ಕಟಗಿ ಒಲಿ ಊದಿ ತೊಂಬತ್ತು ವರ್ಷ ಬದುಕಿದ್ಲು" ಅನ್ನೂ ಮಾತು ಪ್ರತಿ ಮನ್ಯಾಗ ಒಂದು ಸಲ ಬರಲೇಬೇಕು. ಬದುಕಿದ್ಲು, ಖರೆ. ಊದಗೊಳವಿ ಹಿಡಿದು ಕಣ್ಣು ಕೆಂಪ ಮಾಡಿಕೊಂಡು, ಸೆರಗಿನಾಗ ಮೂಗು ಒರಸಿಕೋತ ಬದುಕಿದ್ಲು. ಆದ್ರ ಆಕಿ ಮಣ್ಣಿನ ಮಾಳಗಿ ಮನಿಗೆ ಬೆಳಕಿಂಡಿ ಇತ್ತು. ಹಿತ್ತಲ ಬಾಗಲಾ ಮುಂಜಾನಿಂದ ಸಂಜೀ ತನಕಾ ತೆರದಽ ಇರ್ತಿತ್ತು. ಇಲ್ಲಿನ ಮನಿ ಹಂಗಲ್ಲ. ಚಳಿ ಬರಬಾರದು ಅಂತ ಉಪ್ಪಿನಕಾಯಿ ಭರಣಿ ಬಾಯಿ ಕಟ್ಟಿಧಂಗ ಕಟ್ಟಿರ್ತಾರ. ಡಿಸೆಂಬರದಾಗ ಕಿಡಕಿ ತಗಿಯೂ ಮಾತಽ ಇಲ್ಲ. ಅಷ್ಟಾಗಿ ಊರಾಗೂ ಆ ಹೊಗಿ ಒಳಗಽ ಇರ್ಲಿ ಅಂತ ಶಾಣ್ಯಾರು ಯಾರೂ ಹೇಳಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೊಳಗ 1974ರಾಗ ಶುರುವಾದ ಅಸ್ತ್ರ ಕೇಂದ್ರದವರು ಹಳ್ಳಿಗೆ ಅಂತ ಅಸ್ತ್ರ ಒಲಿ ಮಾಡಿದ್ರು. ಕಟಗಿ ಕಡಿಮಿ ಸುಡೂದು, ಹೊಗಿ ಕೊಳವಿಯಿಂದ ಮಾಳಗಿ ಮ್ಯಾಲೆ ಹೋಗೂದು, ಇವೆರಡೂ ಅದರ ಗುಣಾ. ಆಗಽ ಹಳ್ಳಿ ಹೆಣ್ಣಮಗಳಿಗೆ ಕೊಳವಿ ಬೇಕು ಅಂತ ವಿಜ್ಞಾನಿಗಳಿಗೆ ಅನಿಸಿತ್ತು. ಇಬ್ಬರು ದುಡಿಯೂ ಮನ್ಯಾಗ, ಇಷ್ಟು ರೊಕ್ಕಾ ಕೊಟ್ಟ ಮನ್ಯಾಗ, ನಮಗ ಬ್ಯಾಡಂತ?

ಚಳಿಗಾಲದ್ದೂ ಒಂದು ವಾದ ಅದ. "ಬೆಚ್ಚನ್ನ ಗಾಳಿ ಹೊರಗ ಹೋಗ್ತದ, ಬಿಲ್ಲು ಏರತದ." ಲೆಕ್ಕಾ ಹಾಕೋಣು. ಎರಡು ಸಾವಿರ ಚದರ ಫೂಟಿನ, ಎಂಟು ಫೂಟು ಎತ್ತರದ ಮನ್ಯಾಗ 16,000 ಘನ ಫೂಟು ಗಾಳಿ ಇರ್ತದ. ಫ್ಯಾನು ನಿಮಿಷಕ್ಕ 200 ಘನ ಫೂಟು ಹೊರಗ ಹಾಕಿದ್ರ, ಒಂದು ಒಗ್ಗರಣಿ, ಒಂದು ಪಲ್ಯಾ ಆಗೂ ಹತ್ತು ನಿಮಿಷದಾಗ 2,000. ಎಂಟರಾಗ ಒಂದು ಪಾಲು. ಪುಕ್ಕಟೆ ಅಲ್ಲ, ಆದ್ರ ದಿವಾಳಿ ತಗಿಯೂವಷ್ಟೂ ಅಲ್ಲ. ಅದಽ ಮನ್ಯಾಗ ಗಂಡಸರು ಅರ್ಧಾ ತಾಸು ಬಿಸಿನೀರಿನ ಕೆಳಗ ನಿಂತಾಗ ಬಿಲ್ಲಿನ ಮಾತು ಯಾರಿಗೂ ನೆನಪಾಗಂಗಿಲ್ಲ.

ಆದ್ರ ನನಗ ಎಲ್ಲಾಕ್ಕಿಂತ ಹೆಚ್ಚು ಚುಚ್ಚೂದು ಗ್ಯಾಸೂ ಅಲ್ಲ, ಬಿಲ್ಲೂ ಅಲ್ಲ. ಹೊಗಿ ಮನ್ಯಾಗ ನಿಂತ ಕೂಡ್ಲೆ ಏನಾಗ್ತದ ನೋಡ್ರಿ. ಮಗಳು ಸಾಲಿಗೆ ಹೋಗೂ ಮುಂದ ಜಾಕೀಟು ಮೂಸಿ ಮಾರಿ ಸಣ್ಣದು ಮಾಡ್ತಾಳ. ಮನಿಯವರು ಆಫೀಸಿನ ಮಂದಿ ಬರೂ ಎರಡು ದಿನಾ ಮೊದಲ "ಇಂಗು ಹಾಕಬ್ಯಾಡ" ಅಂತಾರ. ಮನಿ ಮಾರೂ ಮುಂದ ಏಜೆಂಟ್ ಬಂದು "ಕೆಲವು ವಾರ ನಿಮ್ಮ ಅಡಿಗಿ ಮಾಡಬ್ಯಾಡ್ರಿ" ಅಂತಾನ. ಆಕಿ ಏನ್ ಮಾಡ್ತಾಳ? ಕೋಟುಗೋಳನ್ನ ಕಪಾಟಿನಾಗ ಮುಚ್ಚಿಡ್ತಾಳ. ವಾಸನಿ ಮೇಣಬತ್ತಿ ಹಚ್ಚತಾಳ. ಬೆಳ್ಳೊಳ್ಳಿ ಕಡಿಮಿ ಮಾಡ್ತಾಳ, ಮೆಂತೆ ಬಿಡ್ತಾಳ. ಪಂಚಮಿಗೆ, ದೀಪಾವಳಿಗೆ ಕರಿಯೂದಿದ್ರ ಒಲಿ ಎತಿಗೊಂಡು ಗ್ಯಾರೇಜಿಗೆ ಹೋಗ್ತಾಳ, ಸ್ವೆಟರ್ ಹಾಕ್ಕೊಂಡು. ಫ್ಯಾನು ಯಾರೂ ತಿದ್ದಂಗಿಲ್ಲ, ಹೆಣ್ಣಮಗಳನ್ನ ತಿದ್ದತಾರ. ಕೊಳವಿ ಇಲ್ಲದ್ದರ ತಪ್ಪು ನಮ್ಮ ಇಂಗಿನ ಮ್ಯಾಲೆ, ನಮ್ಮ ಊರಿನ ಮ್ಯಾಲೆ, ನಮ್ಮ ಅತ್ತಿ ಕಲಿಸಿದ ಸಾರಿನ ಮ್ಯಾಲೆ ಹಾಕ್ತಾರ. ಬೇಕನ್ ಹುರದ ಮನ್ಯಾಗೂ ವಾಸನಿ ಇರ್ತದ ತಂಗೀ. ಅವರು ಅದಕ್ಕ ನಾಚಕೊಳ್ಳಂಗಿಲ್ಲ.

ಎರಡು ಕೆಲಸಾ ಮಾತ್ರ ದಯಮಾಡಿ ಮಾಡಬ್ಯಾಡ್ರಿ. ಗ್ಯಾರೇಜಿನ ಬಾಗಲಾ ಹಾಕ್ಕೊಂಡು ಸಿಲಿಂಡರ್ ಒಲಿ ಹಚ್ಚಬ್ಯಾಡ್ರಿ, ಕಾರ್ಬನ್ ಮಾನಾಕ್ಸೈಡ್ ಜೀವಾ ತಗೀತದ. ಒಗ್ಗರಣಿ ಹಾಕಿದ ಕೂಡ್ಲೆ ಒದರತದ ಅಂತ ಹೊಗಿ ಅಲಾರಮ್ಮಿಗೆ ಪ್ಲಾಸ್ಟಿಕ್ ಟೊಪಗಿ ಹಾಕೂದು, ಬ್ಯಾಟರಿ ತಗದಿಡೂದು ಮಾಡಬ್ಯಾಡ್ರಿ. ಪಲ್ಯಾ ಆದ ಮ್ಯಾಲೆ ಆ ಟೊಪಗಿ ತಗೀಲಿಕ್ಕೆ ಯಾರಿಗೂ ನೆನಪಿರಂಗಿಲ್ಲ. ಅಲಾರಮ್ ಒದರೂದು ಅದರ ತಪ್ಪಲ್ಲ. ಮನ್ಯಾಗ ಹೊಗಿ ಅದ ಅಂತ ಖರೇನಽ ಹೇಳೂದು ಅದೊಂದಽ.

ಹಂಗಾರ ಏನ್ ಮಾಡಬೇಕು? ಕೊಳವಿ ಇದ್ದು ಫ್ಯಾನು ತಿರುಗಿಸದಽ ಬಿಟ್ಟ ಮನಿ ಇದ್ರ ನೀವು ಪುಣ್ಯವಂತರು. ಗೊತ್ತಿದ್ದವರನ್ನ ಕರದು ತಿರುಗಿಸಿ ಕೂಡಸ್ರಿ. ಒಲಿ ಹೊರಗಿನ ಗ್ವಾಡಿಗೆ ಹತ್ತಿದ್ರ ಗ್ವಾಡಿ ಕೊರದು ಕೊಳವಿ ಹಾಕಸೂದು ಭಾಳ ದೊಡ್ಡ ಕೆಲಸಲ್ಲ. ನಟ್ಟನಡು ಗ್ವಾಡಿಗೆ ಇದ್ರ ಮಾಳಗಿ ತನಕಾ ಹೋಗಬೇಕು, ಖರ್ಚು ಹೆಚ್ಚು, ಆದ್ರ ಕಟ್ಟೀ ಕಲ್ಲು ಬದಲಿ ಮಾಡಸೂ ಮೊದಲ ಇದನ್ನ ಮಾಡಸ್ರಿ. ಕೊಳವಿ ನುಣ್ಣನ್ನ ತಗಡಿಂದು ಇರ್ಲಿ, ಸುಕ್ಕು ಸುಕ್ಕಿನ ಹಾಳಿ ಕೊಳವಿ ಬ್ಯಾಡ, ಜಿಡ್ಡು ಕೂಡ್ತದ. ಅಟ್ಟದಾಗ ಬಿಟ್ಟು ಬರ್ತೇನಿ ಅಂದ್ರ ಕೇಳಬ್ಯಾಡ್ರಿ. ಅಟ್ಟದಾಗ ಜಿಡ್ಡು, ಉಗಿ ಬಿಡೂದು ನಿಯಮಕ್ಕೂ ವಿರುದ್ಧ, ಕಟಗಿಗೂ ಕೇಡು, ಬೆಂಕಿಗೂ ದಾರಿ. ಹೊಸದು ತೊಗೊಳ್ಳೂದಾದ್ರ ಇನ್ನೊಂದು ಮಾತು: ಮೈಕ್ರೋವೇವ್ ಡಬ್ಬಿ 15-16 ಇಂಚಷ್ಟಽ ಮುಂದ ಬಂದಿರ್ತದ, ಒಲಿ 25 ಇಂಚಿಗಿಂತ ಹೆಚ್ಚು. ಮುಂದಿನ ಎರಡು ಉರಿ ಹೊಗಿ ಅದಕ್ಕ ಅರೆಬರೆ ಸಿಗ್ತದ. ಒಲಿ ಪೂರಾ ಮುಚ್ಚೂವಂಥಾ ಹುಡ್ ಹಾಕಿಸಿ, ಮೈಕ್ರೋವೇವ್ ನಮ್ಮೂರಿನ ಹಂಗ ಕಟ್ಟೀಗೆ ಇಳಿಸಿದ್ರ ಇನ್ನೂ ಛೊಲೊ. ಆದ್ರ ನಿಮಿಷಕ್ಕ 400 ಘನ ಫೂಟಿಗಿಂತ ಹೆಚ್ಚು ಎಳಿಯೂದು ತಂದ್ರ, ಹೋದಷ್ಟು ಗಾಳಿ ಒಳಗ ಬರೂ ವ್ಯವಸ್ಥಾನೂ ಮಾಡಬೇಕಾಗ್ತದ, ಕೇಳಿ ತೊಗೊಳ್ರಿ.

ಬಾಡಿಗಿ ಮನ್ಯಾಗಿದ್ದ ಹುಡುಗ್ಯಾರಿಗೆ ಗ್ವಾಡಿ ಕೊರಿಯೂ ಹಕ್ಕಿಲ್ಲ, ಆದ್ರ ಕೈ ಕಟ್ಟಿ ಕೂಡೂದೂ ಬ್ಯಾಡ. ಒಗ್ಗರಣಿ ಹಿಂದಿನ ಉರಿ ಮ್ಯಾಲೆ ಹಾಕ್ರಿ. ಹಿಂದಿನ ಉರಿ ಹೊಗಿ ಹುಡ್ಡಿಗೆ ಹೆಚ್ಚು ಸಿಗ್ತದ ಅಂತ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಅಳದು ನೋಡಿ ಹೇಳ್ಯಾರ. ಕೊಳವಿ ಇದ್ದ ಹುಡ್ಡಿಗೆ ಆ ಮಾತು ಪೂರಾ ಲಾಗೂ. ಕೊಳವಿ ಇಲ್ಲದಿದ್ರ ಅಡಿಗಿ ಮನಿ ಕಿಡಕ್ಯಾಗ ಒಂದು ಪೆಟಗಿ ಫ್ಯಾನು ಹೊರಮಾರಿ ಮಾಡಿ ಇಡ್ರಿ, ಎದುರಿನ ಇನ್ನೊಂದು ಕಿಡಕಿ ಎರಡು ಬಟ್ಟು ತಗೀರಿ. ಎಣ್ಣಿ ಕಾಯೂ ಮೊದಲ ಫ್ಯಾನು ಹಚ್ಚರಿ, ಒಲಿ ಆರಿಸಿದ ಮ್ಯಾಲೂ ಹತ್ತು-ಹದಿನೈದು ನಿಮಿಷ ಇರ್ಲಿ. ಮತ್ತ ಮನಿ ಮಾಲಕಗ ಒಂದು ಕಾಗದಾ ಬರೀರಿ: ಕಪಾಟಿನಾಗ ಕೊಳವಿ ಅದ, ಫ್ಯಾನು ತಿರುಗಿಸಿ ಕೊಡ್ರಿ ಅಂತ. ಬಾಯಿಲೆ ಹೇಳಿದ್ರ ಮರೀತಾರ.

ಬೆಂಗಳೂರಿನಾಗ, ಹುಬ್ಬಳ್ಳ್ಯಾಗ ಹೊಸಾ ಫ್ಲ್ಯಾಟು ತೊಗೊಳ್ಳೋ ತಂಗೆಂದಿರೂ ಕಿವಿಗೊಡ್ರಿ. ಅಲ್ಲೂ ಈಗ ಕೊಳವಿ ಇಲ್ಲದ "ಚಿಮಣಿ" ಮಾರತಾರ. ನಮ್ಮ ಕಡೆ ಮೊದಲ ಚಿಮಣಿ ಅಂದ್ರ ಎಣ್ಣಿ ದೀಪ. ಈಗ ಹೊಗಿ ಕೊಳವಿ ಅಂತ ಅರ್ಥ ಆತು, ಇರ್ಲಿ. ಆದ್ರ ಕೊಳವೀನಽ ಇಲ್ಲದ ಡಬ್ಬಿಗೆ ಚಿಮಣಿ ಅಂತ ಹೆಸರಿಟ್ಟು ಮಾರೂದು ಅಂದ್ರ ಭಾಂವಿ ಇಲ್ಲದ ಊರಾಗ ಹಗ್ಗಾ ಮಾರಿಧಂಗ. ಕೊಳವಿ ಇದ್ರೂ ಅದರ ಬಾಯಿ ಎಲ್ಲೆ ಅದ ನೋಡ್ರಿ. ಬಟ್ಟಿ ಒಣಹಾಕೂ ಬಾಲ್ಕನ್ಯಾಗ ಬಿಟ್ಟಿದ್ರ ಹೊಗಿ ಅರ್ಧಾ ದಾರಿ ಅಷ್ಟಽ ಹೋಗೇದ.

ಮುಂದಿನ ಸಲ ಯಾರರೆ ಮನಿ ನೋಡ್ಲಿಕ್ಕೆ ಹೊಂಟ್ರ, ಗಂಡಸರು ಗ್ಯಾರೇಜು ಅಳೀಲಿ, ಅತ್ಯಾ ಬಾಗಲದ ದಿಕ್ಕು ನೋಡ್ಲಿ. ನೀವು ನೆಟ್ಟಗ ಅಡಿಗಿ ಮನಿಗೆ ಹೋಗ್ರಿ. ಫ್ಯಾನು ಹಚ್ಚಿ ಡಬ್ಬಿ ಮ್ಯಾಲಿನ ಸೀಳಿಗೆ ಕೈ ಹಿಡೀರಿ. ಗಾಳಿ ಬಂತಂದ್ರ, ಸಹಿ ಹಾಕೂ ಮೊದಲ ರಿಪೇರಿ ಪಟ್ಟಿಯೊಳಗ ಅದನ್ನ ಬರಸ್ರಿ, ಮಾಳಗಿ ಸೋರೂದು ಬರಸ್ತೀರಲ್ಲಾ ಹಂಗ. "ಇಷ್ಟು ಸಣ್ಣ ಮಾತಿಗೆ ಯಾಕ ಹಟಾ" ಅಂದ್ರ, ಈ ಒಲಿ ಮುಂದ ದಿನಾ ನಿಂದರೂದು ಯಾರು ಅಂತ ಕೇಳ್ರಿ. ಕೇಳಿ ಸುಮ್ಮನ ನಿಂದರ್ರಿ, ಉತ್ತರಾ ಅವರಽ ಹೇಳ್ಲಿ.